ಎಷ್ಟು ಕೊಡ್ತದೆ?

ಊರಿಗಾಂ ಬಂಗಲೆಯ ಹಿಂದೆ, ತಗಡಿನ ಷೆಡ್ಡಿನಲ್ಲಿ
ಪ್ಯಾರಾಚೂಟು ಬಟ್ಟೆ ಹೊದ್ದು ಮಲಗಿತ್ತು.
ಹಯಸಿಂತಮ್ಮ ಬಟ್ಟೆ ಸರಿಸಿದರು. ಕೋಳಿಯೊಂದು ಬೈಕೊಂಡು ಎದ್ದುಹೋಯಿತು.
ಡ್ರೈವರ್ ಸೀಟಿನ ಕುಳಿಯಲ್ಲಿ ಮೊಟ್ಟೆ, ಇನ್ನೂ ಬೆಚ್ಚಗೆ.
"ನಮ್ಮವರು ಓಡಿಸಿದ್ದಕ್ಕಿಂತ ಒರೆಸಿದ್ದೇ ಹೆಚ್ಚು" ಅಂದರು.
ಬೆಲೆಯಲ್ಲಿ ಒಂದು ಪೈಸೆ ಇಳಿಯಲಿಲ್ಲ.
ಮೊಟ್ಟೆ ಮಾತ್ರ ನನಗೇ ಕೊಟ್ಟರು.

ಆರ್‌ಸಿ ಪುಸ್ತಕದಲ್ಲಿ: ಆಲ್ಫಾ ರೋಮಿಯೋ, ಅರವತ್ತೇಳನೇ ಇಸವಿ,
ಬಣ್ಣ ಕೆಂಪು, ಆಸನ ಎರಡು, ಹೆಸರು ಸ್ಪೈಡರ್.
ಜೇಡ ಅಂತ ಅರ್ಥ, ಎಂದೆ ಮನೆಯಲ್ಲಿ.
ಮೆಹರ್‌ತಾಜ್ ಬಿಸಿನೀರಿನ ತೊಟ್ಟಿಯಿಂದ ಕೈ ತೆಗೆಯದೆ,
"ಹುಳ ಕೊಟ್ಟಿದ್ದನ್ನ ಜೇಡಕ್ಕೆ ಹಾಕಿದ್ರಿ."

ಶಿಡ್ಲಘಟ್ಟದಲ್ಲಿ ಇಪ್ಪತ್ತಾರು ವರ್ಷ ನೂಲು ಬಿಚ್ಚಿದವನು ನಾನು.
ಗೂಡು ಕುದಿಸಿ, ಎಳೆಯ ತುದಿ ಹುಡುಕಿ,
ಎಂಟು ಎಳೆ ಸೇರಿಸಿ ಒಂದು ಮಾಡಿ,
ಒಳಗಿದ್ದ ಹುಳವನ್ನು ಬುಟ್ಟಿಗೆಸೆದು
ಆ ವಾಸನೆಯಲ್ಲೇ ಊಟ, ಆ ವಾಸನೆಯಲ್ಲೇ ನಿದ್ದೆ.
ತಾನು ನೇಯ್ದದ್ದನ್ನು ತಾನೇ ಇಟ್ಟುಕೊಳ್ಳುವ
ಒಂದು ಪ್ರಾಣಿ ಬೇಕೆನಿಸಿತ್ತು, ಅಷ್ಟೆ.

ಮೋಟರ್ ರಿಪೇರಿ ಪಿಳ್ಳಪ್ಪ ಬಾನೆಟ್ ಎತ್ತಿ
ಒಂದು ಬೀಡಿ ಮುಗಿಯುವ ತನಕ ಮಾತಾಡಲಿಲ್ಲ.
"ಎರಡು ಕಾರ್ಬುರೇಟರು. ಎರಡೂ ಒಂದೇ ಉಸಿರು ಎಳೀಬೇಕು.
ಅಣ್ಣತಮ್ಮಂದಿರ ಕೈಲೇ ಆಗದ ಕೆಲಸ."
ಆದರೂ ಗ್ಯಾಸ್ ಪೈಪಿನ ತುಂಡು ಕಿವಿಗಿಟ್ಟು
ಒಂದರ ಉಸಿರು ಕೇಳಿದ, ಇನ್ನೊಂದರದ್ದು ಕೇಳಿದ,
ಸ್ಕ್ರೂ ಕಾಲು ಸುತ್ತು, ಅರ್ಧ ಸುತ್ತು, ವಾಪಸು ಕಾಲು.
ಪೈಪು ನನ್ನ ಕಿವಿಗೂ ಬಂತು.
ಎಳೆ ಕಡಿಯುವ ಮುಂಚೆ ರಾಟೆಯ ಸದ್ದು ಬದಲಾಗುತ್ತದಲ್ಲ,
ಅದೇ.
"ಎಡಗಡೇದು" ಅಂದೆ.
ಪಿಳ್ಳಪ್ಪ ಆವತ್ತು ಮೊದಲ ಸಲ ನನ್ನ ಮುಖ ನೋಡಿದ.

ಆಮೇಲೆ ಇಲಿ ವೈರು ಕಡಿಯಿತು.
ಮಿಲಾನಿನ ಗ್ಯಾಸ್ಕೆಟ್ಟು ಕಸ್ಟಮ್ಸಿನಲ್ಲಿ ಎಪ್ಪತ್ತು ದಿನ ಕೂತಿತು;
ಅಷ್ಟರಲ್ಲಿ ಪಿಳ್ಳಪ್ಪ ಹಳೆಯದರ ಗುರುತು ಹಿಡಿದು ಒಂದು ಕತ್ತರಿಸಿದ.
ಇವತ್ತಿಗೂ ಅದೇ ಇದೆ. ಮಿಲಾನಿನದು ಷೋಕೇಸಿನಲ್ಲಿ, ಗಾಜಿನ ಲೋಟಗಳ ಪಕ್ಕ.
ಎರಡನೇ ಗೇರು ಬೆಳಗ್ಗೆ ಬೈಯುತ್ತದೆ, ಕಾದಮೇಲೆ ಮಾತು ಕೇಳುತ್ತದೆ.
ಹಂಪು ಬಂದರೆ ಪಕ್ಕದಲ್ಲಿ ಕೂತವರು ಇಳಿಯಬೇಕು.
ಕೋಟೆ ಸರ್ಕಲ್ಲಿನಿಂದ ಗೂಡಿನ ಮಾರುಕಟ್ಟೆಗೆ
ಮೆಹರ್‌ತಾಜ್ ಐದು ಸಲ ಇಳಿದಳು, ಐದು ಸಲ ಹತ್ತಿದಳು,
ಆರನೇ ಸಲ ಹತ್ತಲಿಲ್ಲ. ನಡೆದೇ ಹೋದಳು.
ನನಗಿಂತ ಮೊದಲು ತಲುಪಿದಳು.

ಎಲ್ಲಿ ನಿಲ್ಲಿಸಿದರೂ ಒಂದೇ ಪ್ರಶ್ನೆ:
ಟೀ ಅಂಗಡಿಯವನು, ಗೂಡಿನ ದಲ್ಲಾಳಿ, ದಂಡ ಹಾಕಲು ಬಂದ ಪೊಲೀಸು,
ಬಾಗಿಲು ಸವರಿ, ಮೀಟರಿಗೆ ಬಗ್ಗಿ,
"ಎಷ್ಟು ಕೊಡ್ತದೆ?"
ಕೊಡಲ್ಲ ಸ್ವಾಮಿ, ತಗೊಳ್ತದೆ.

ಒಂದು ಬೆಳಗ್ಗೆ, ಹರಾಜಿಗೆ ಇನ್ನೂ ಹೊತ್ತಿತ್ತು,
ದಿಬ್ಬೂರಹಳ್ಳಿ ರಸ್ತೆಗೆ ಹೊಸ ಡಾಂಬರು ಬಿದ್ದಿತ್ತು.
ಟಾಪು ಮಡಿಸಿದೆ. ಮೂರು. ನಾಲ್ಕು.
ಐದನೇ ಗೇರು ಬಿದ್ದದ್ದು ಕೈಗೇ ಗೊತ್ತಾಗಲಿಲ್ಲ.
ಎರಡು ಕಾರ್ಬುರೇಟರಿಗೆ ಒಂದೇ ಗಂಟಲು,
ಎರಡು ಬದಿಯ ಹಿಪ್ಪುನೇರಳೆ ಒಂದೇ ಹಸಿರು ಎಳೆ,
ಎಲ್ಲೂ ಕಡಿಯದೆ ಬಿಚ್ಚಿಕೊಳ್ಳುತ್ತ, ಬಿಚ್ಚಿಕೊಳ್ಳುತ್ತ...
ಮೂಗಿನಲ್ಲಿ ಹುಳದ ವಾಸನೆ ಇರಲಿಲ್ಲ.

ತಿರುವಿನಲ್ಲಿ ಕುರಿ ಮಂದೆ.
ಬ್ರೇಕಿನ ಮೇಲೆ ನಿಂತೇಬಿಟ್ಟೆ.
ಒಂದು ಕುರಿ ಬಂಪರು ನೆಕ್ಕಿತು.
ಕುರಿ ಹುಡುಗ ಒಂದು ಸುತ್ತು ಬಂದ, ಕೋಲು ಕಂಕುಳಿಗೆ ಸಿಕ್ಕಿಸಿ,
"ಎಷ್ಟು ಕೊಡ್ತದೆ?"
ಆವತ್ತು ಲೆಕ್ಕ ಕೈಯಲ್ಲೇ ಇತ್ತು.
"ಎರಡು ಕಿಲೋಮೀಟರು."
"ಲೀಟರಿಗಾ?"
"ವರ್ಷಕ್ಕೆ."

ಅವನು ನಗಲಿಲ್ಲ. ಆಕಾಶ ನೋಡಿ ಏನೋ ಕೂಡಿದ, ಕಳೆದ.
"ಪರವಾಗಿಲ್ಲ ಬಿಡಣ್ಣ" ಅಂದು
ಕುರಿ ಅಟ್ಟಿಕೊಂಡು ಹೋದ.