ಬಿಲ್ಲಿನ ಬೆನ್ನಿಗೆ

ಜನವರಿ ಒಂಬತ್ತರ ರಾತ್ರಿ ಫರ್ನೇಸ್ ಸತ್ತಿತು.
ಹೊರಗೆ ಸೊನ್ನೆಗಿಂತ ಇಪ್ಪತ್ತು ಕೆಳಗೆ.
ಸುಪೀರಿಯರ್ ಸರೋವರ ದಡದಲ್ಲಿ ಹಲ್ಲು ಕಡಿಯುತ್ತಿತ್ತು.
ಆರ್ವಿಡನಿಗೆ ನನ್ನ ಕೋಟನ್ನೂ ಹೊದಿಸಿ
ಓವನ್ನಿನ ಬಾಗಿಲು ತೆರೆದಿಟ್ಟು ಕೂತೆ.

ಬೆಳಿಗ್ಗೆ ಬಂದವನು ಹೈಕಿನೆನ್ನರ ಕೋಲ್ಟನ್,
ಮೀಸೆ ಇನ್ನೂ ನೆಟ್ಟಗೆ ಬಾರದ ಹುಡುಗ.
ನೆಲಮಾಳಿಗೆಗೆ ಇಳಿದ. ನಲವತ್ತು ನಿಮಿಷ.
ಬೆರಳುದ್ದದ ಬೂದು ಚೂರೊಂದನ್ನು ಕಿತ್ತು ನನ್ನ ಅಂಗೈಗಿಟ್ಟ:
"ಇಗ್ನೈಟರ್. ಬಿರುಕು ಬಿಟ್ಟಿದೆ, ನೋಡಿ."
ಬಿಲ್ಲು ನೂರ ನಲವತ್ತೆಂಟು.
ಚೂರಿಗೆ ಇಪ್ಪತ್ತೆರಡು.
ಮಿಕ್ಕಿದ್ದೆಲ್ಲ, ಬಿರುಕು ಎಲ್ಲಿದೆಯೆಂದು ಗೊತ್ತಿದ್ದುದಕ್ಕೆ.

ನಾನು ವೃದ್ಧಾಶ್ರಮದ ಲಾಂಡ್ರಿಯಲ್ಲಿ
ಗಂಟೆಗೆ ಹದಿನಾಲ್ಕೂವರೆಗೆ ಪರರ ಚಾದರ ಮಡಿಸುವವಳು.
ಹತ್ತು ಗಂಟೆಯ ಚಾದರಗಳು
ಅವನ ನಲವತ್ತು ನಿಮಿಷದಲ್ಲಿ ಕರಗಿದವು.
ಹೊಟ್ಟೆಕಿಚ್ಚೇ? ಹೌದು.
ಮನೆಗಿಂತ ಮೊದಲು ಹೊತ್ತಿಕೊಂಡದ್ದು ಅದೇ.

"ಎಲ್ಲಿ ಕಲಿತೆಯಪ್ಪ?"
"ಕಮ್ಯುನಿಟಿ ಕಾಲೇಜು, ಎರಡೇ ವರ್ಷ.
ನಮ್ಮ ಕ್ಲಾಸಿನಲ್ಲಿ ಒಬ್ಬ ಅಜ್ಜಿಯೂ ಇದ್ದಳು."
"ಅಜ್ಜಿಗೆಷ್ಟು ವಯಸ್ಸು?"
"ನಲವತ್ತೋ ಏನೋ."
ನನಗೆ ನಲವತ್ತೊಂದು.

ಅವನು ಹೋದ ಮೇಲೆ ಆ ಬಿಲ್ಲಿನ ಬೆನ್ನಿಗೇ ಬರೆಯುತ್ತ ಕೂತೆ.
ಫೀಸು ಹನ್ನೊಂದು ಸಾವಿರದ ನಾನೂರು.
ಉಪಕರಣಗಳ ಪೆಟ್ಟಿಗೆ ಒಂಬೈನೂರು.
ಹೋಗಿಬರಲು ದಿನಕ್ಕೆ ಅರವತ್ತು ಮೈಲಿ,
ಪೆಟ್ರೋಲಿಗೆ ಎರಡು ಸಾವಿರದ ಇನ್ನೂರು, ಕಾರು ಕೈಕೊಡದಿದ್ದರೆ.
ಬಿಟ್ಟುಕೊಡಬೇಕಾದ ಪಾಳಿಗಳ ಸಂಬಳ,
ಇದು ಯಾವ ಕೌಂಟರಿನಲ್ಲೂ ಕಟ್ಟುವ ಹಣವಲ್ಲ,
ಆದರೂ ಎಲ್ಲಕ್ಕಿಂತ ದೊಡ್ಡದು: ಹದಿನಾಲ್ಕು ಸಾವಿರದ ಎಂಟುನೂರು.
ಸರ್ಕಾರ ಕೊಟ್ಟರೆ ಆರು ಸಾವಿರ ಕಳೆ.

ಕಳೆಯುವಾಗ ಪಕ್ಕದ ಮನೆಯಿಂದ ಒಂದು ಕಡ ತಾ,
ಎನ್ನುತ್ತಿದ್ದರು ಮೂರನೇ ಕ್ಲಾಸಿನ ಟೀಚರು.
ನನ್ನ ಪಕ್ಕದ ಮನೆ ಐಲಾಳದು, ನನ್ನ ಅಕ್ಕ.
ಅವಳೂ ಓದಿದಳು ಎರಡು ವರ್ಷ, ವಕೀಲರ ಸಹಾಯಕಿಯಾಗಲು,
ಮಾಲಿನ ಮೂಲೆಯಲ್ಲಿದ್ದ ಒಂದು ಕಾಲೇಜಿನಲ್ಲಿ.
ಕಾಲೇಜು ಮುಚ್ಚಿ ಏಳು ವರ್ಷ.
ಕಂತು ಇನ್ನೂ ಮುಚ್ಚಿಲ್ಲ.
ಅವಳ ಪ್ರಮಾಣಪತ್ರ ಫ್ರಿಜ್ಜಿನ ಮೇಲಿದೆ,
ಅದರ ಮೇಲೆ ಬ್ರೆಡ್ಡಿನ ಬುಟ್ಟಿ.
"ಕೇಳಬೇಡ ನನ್ನನ್ನ," ಅಂದಳು,
ಕೇಳುವ ಮೊದಲೇ.

ಕಾಲೇಜಿನ ಕರಪತ್ರದಲ್ಲಿ ಬಿಳಿ ಹಲ್ಲುಗಳ ಪಕ್ಕ ಒಂದು ಸಂಖ್ಯೆ:
ಪದವೀಧರರ ಸರಾಸರಿ ಸಂಬಳ.
ಈ ಸರಾಸರಿ ಎಂಬಾತನನ್ನು ಒಮ್ಮೆ ಭೇಟಿಯಾಗಬೇಕು.
ಅವನಿಗೆ ಮಂಡಿನೋವಿಲ್ಲ. ಮಗನ ಗುರುವಾರದ ಹಾಕಿ ಇಲ್ಲ.
ಮಂಜುಗಟ್ಟಿದ ಸೂರಿಗೆ ಏಣಿ ಹಾಕುವಾಗ
ಕೆಳಗೆ ಹಿಡಿಯಲು ಯಾರಿದ್ದಾರೆ ಎಂದು ತಿರುಗಿ ನೋಡುವುದಿಲ್ಲ.
ಗಂಟೆಗೆ ಇಪ್ಪತ್ತೆರಡು ಎಂದೇ ಹಿಡಿದೆ ನಾನು,
ಈ ಊರಿನಲ್ಲಿ ಹೊಸಬರಿಗೆ, ಹೆಂಗಸಿಗೆ, ಕೊಟ್ಟರೆ.
ಆಗ ವರ್ಷಕ್ಕೆ ಹದಿನೈದು ಸಾವಿರ ಹೆಚ್ಚು.
ಹಾಕಿದ್ದು ಹಿಂತಿರುಗಲು ಹತ್ತೊಂಬತ್ತು ತಿಂಗಳು.

ಹತ್ತೊಂಬತ್ತು.
ಮೂರು ಸಲ ಕೂಡಿದೆ, ಎಲ್ಲೋ ತಪ್ಪಿರಲಿ ಎಂದು.
ಲೆಕ್ಕ ಸರಿಯಿತ್ತು. ಹೆದರಿಕೆಯಾದದ್ದು ಆಗಲೇ.
ತಪ್ಪಿದ್ದರೆ ಮಲಗಬಹುದಿತ್ತು.

ಅರ್ಜಿ ಮೇಜಿನ ಮೇಲಿದೆ.
ಹೆಸರಿನ ಸಾಲಿನಲ್ಲಿ 'ವರ್ನಾ' ಎಂಬಲ್ಲಿಗೆ ನಿಂತಿದ್ದೇನೆ,
ಪೆನ್ನಲ್ಲ, ಆರ್ವಿಡನ ಪೆನ್ಸಿಲು.
ಸತ್ತ ಇಗ್ನೈಟರ್ ಕಿಟಕಿಯ ಕಟ್ಟೆಯ ಮೇಲೆ,
ಯಾಕೆ ಎಸೆಯಲಿಲ್ಲವೋ.

ಕೆಳಗೆ ಫರ್ನೇಸ್ ಎದ್ದಿತು.
ಮೊದಲು ಸಣ್ಣ ಫ್ಯಾನು. ಆಮೇಲೆ ಟಿಕ್.
ಆಮೇಲೆ ಏನೂ ಇಲ್ಲ: ಚೂರು ಕೆಂಪಾಗುವ ಹೊತ್ತು,
ಹದಿನೇಳು ಸೆಕೆಂಡು, ಎಂದಿದ್ದ ಕೋಲ್ಟನ್.
ಎಣಿಸಿದೆ.
ಹದಿನೆಂಟಕ್ಕೆ ಹತ್ತಿಕೊಂಡಿತು.
ಒಂದು ಸೆಕೆಂಡು ತಡ.
ಯಾಕಿರಬಹುದು?