ಹತ್ತು ಅಂಕದ ಪ್ರಶ್ನೆ

ಮುಹರಕ್‌ನ ಈ ಲಾಂಡ್ರಿಯಲ್ಲಿ ರಾತ್ರಿ ಹನ್ನೊಂದಾದ ಮೇಲೆ
ಇಸ್ತ್ರಿ ಮೇಜೇ ನನ್ನ ಓದಿನ ಮೇಜು.
ಇನ್ನೂ ಬೆಚ್ಚಗಿರುತ್ತದೆ; ಮೊಣಕೈ ಊರಿದರೆ
ಗಂಜಿಯ ವಾಸನೆ.
ದೂರಶಿಕ್ಷಣ, ಎರಡನೇ ವರ್ಷ, ನಾಲ್ಕನೇ ಪತ್ರಿಕೆ:
ಕೆಲಸದ ಸ್ಥಳದಲ್ಲಿ ಮನುಷ್ಯನ ವರ್ತನೆ.

ಪುಸ್ತಕದಲ್ಲಿ ಒಂದು ನಾಯಿ ಇದೆ.
ಗಂಟೆ ಬಾರಿಸಿದರೆ ಜೊಲ್ಲು ಸುರಿಸುತ್ತದೆ,
ಅನ್ನ ಇಡಲಿ, ಇಡದಿರಲಿ.
ಓದಿ ನಕ್ಕೆ. ಆಮೇಲೆ ನೆನಪಾಯಿತು
ಏಳನೇ ತಾರೀಕಿನ ಬ್ಯಾಂಕ್ ಮೆಸೇಜಿನ ಟಿಣ್.
ಸಂಬಳ ನಿಂತು ಮೂರು ತಿಂಗಳು;
ಈಗಲೂ ಯಾರದೇ ಫೋನು ಟಿಣ್ ಅಂದರೂ
ಆರು ಇಸ್ತ್ರಿಪೆಟ್ಟಿಗೆ ಒಟ್ಟಿಗೆ ನಿಲ್ಲುತ್ತವೆ.
ಪಿಜ್ಜಾ ಅಂಗಡಿಯವರು. ಒಂದು ಕೊಂಡರೆ ಒಂದು ಉಚಿತ.

ನಲವತ್ತೆರಡನೇ ಪುಟ: ನೋಡುವವರಿದ್ದರೆ ಕೆಲಸ ಚುರುಕು.
ನಿಜ. ನಮ್ಮ ತಲೆಯ ಮೇಲೂ ಒಂದು ಕ್ಯಾಮೆರಾ.
ಅದರ ವಯರು ಎಲ್ಲಿಗೂ ಹೋಗುವುದಿಲ್ಲ,
ಗೋಡೆಯ ಹಿಂದೆ ಸೊಟ್ಟಗೆ ನೇತಾಡುತ್ತದೆ.
ನಾನೇ ಕಂಡಿದ್ದೇನೆ, ಯಾರಿಗೂ ಹೇಳಿಲ್ಲ.
ಹೇಳದೇ ಇದ್ದದ್ದು ಯಾವ ವರ್ತನೆ ಎಂದು
ಪುಸ್ತಕದಲ್ಲಿ ಹುಡುಕಿದೆ.
ಅದರೆದುರು ಈಗಲೂ ನಾನು ಆಕಳಿಸುವುದಿಲ್ಲ.

ಕಲಿಕೆಯ ಅಧ್ಯಾಯ ಉದ್ದ, ಅದಕ್ಕೆ ನಿದ್ದೆಯೂ ಜಾಸ್ತಿ.
ಲೋಕಬಹಾದುರ್ ಬಂದಾಗ ಅವನಿಗೆ ಹಿಂದಿ ಅರ್ಧಂಬರ್ಧ.
ಮೊಫಿಜುಲ್ ಚಾಚಾನಿಗೆ ಸಿಲ್ಹೇಟಿ, ಮತ್ತೆ
ಬೈಗುಳಕ್ಕಾಗುವಷ್ಟು ಅರಬ್ಬಿ.
ಚಾಚಾ ಗುತ್ರಾಕ್ಕೆ ಗಂಜಿ ಹಾಕಿ, ಕೊಡವಿ,
ನಡುನೆತ್ತಿಯ ಗೆರೆ ಎಳೆಯುವಾಗ ಉಸಿರು ಹಿಡಿಯುತ್ತಾನೆ.
ಹುಡುಗನೂ ಹಿಡಿದ.
ಹದಿನೇಳು ದಿನಕ್ಕೆ ಗೆರೆ ಒಲಿಯಿತು.
ಉಸಿರು ಹಿಡಿಯಬೇಕಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು:
ಚಾಚಾನಿಗೆ ದಮ್ಮು, ಅಷ್ಟೆ.
ಈಗ ಇಪ್ಪತ್ತರ ಹುಡುಗ, ಗುಂಡುಕಲ್ಲಿನಂಥವನು,
ಗೆರೆಗೆರೆಗೂ ಉಸಿರುಗಟ್ಟುತ್ತಾನೆ.

ಇನ್ನು ಆ ಪಿರಮಿಡ್ಡು.
ಬುಡದಲ್ಲಿ ಅನ್ನ ನೀರು, ಮೇಲೆ ಸೂರು,
ಅದರ ಮೇಲೆ ನಂಟು, ಮಾನ,
ತುತ್ತತುದಿಯಲ್ಲಿ ತಾನು ತಾನಾಗುವುದು.
ಕೆಳಗಿನದು ತುಂಬದೆ ಮೇಲಿನದು ಯಾರಿಗೂ ಬೇಕೆನಿಸದಂತೆ.
ನಮ್ಮವ್ವ ಎಂದೋ ಇದನ್ನು ತಲೆಕೆಳಗು ಮಾಡಿಟ್ಟಿದ್ದಳು:
ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು.
ಪಕ್ಕದ ಮನೆಯವಳನ್ನು ಬೈಯಲು ಹೇಳುತ್ತಿದ್ದಳು.
ತಾನು ಮಾತ್ರ ಹೂವನ್ನು ಒಂದು ದಿನ ತಪ್ಪಿಸಿದವಳಲ್ಲ.

ಸೂಕ್ತ ಉದಾಹರಣೆಯೊಂದಿಗೆ ವಿವರಿಸಿ. ಹತ್ತು ಅಂಕ.

ಉದಾಹರಣೆಗೆ, ಮೊನ್ನೆ ಗುರುವಾರ.
ಸಂಬಳವಿಲ್ಲದ ತೊಂಬತ್ನಾಲ್ಕನೇ ದಿನ.
ಊಟಕ್ಕೆ ಖುಬ್ಬೂಸು, ಈರುಳ್ಳಿ. ಚಾಚಾನ ದಮ್ಮಿನ ಪಂಪು ಖಾಲಿ.
ಒಂದು ಜೇಬಿನಲ್ಲಿ ಅವನಿಗೆ
ಇಪ್ಪತ್ತು ದಿನಾರಿನ ನೋಟು ಸಿಕ್ಕಿತು.
ನೋಡಿದವರು ನಾನು, ಮತ್ತೆ ಆ ಕುರುಡು ಕ್ಯಾಮೆರಾ.
ಬಿಡಿಸಿದ, ಬೆಳಕಿಗೆ ಹಿಡಿದ,
ಇದ್ದ ಮಡಿಕೆಯಲ್ಲೇ ಮತ್ತೆ ಮಡಚಿ
ಬಟ್ಟೆಯ ಚೀಟಿಗೆ ಪಿನ್ನು ಚುಚ್ಚಿದ.

ಯಾಕೆ ಚಾಚಾ, ಎಂದೆ. ಪಾಠಕ್ಕೆ ಬೇಕು.
"ಡ್ರೈವರನ ಯೂನಿಫಾರ್ಮು," ಅಂದ.
"ನೋಟನ್ನು ಎಂಟು ಮಡಿಕೆ ಮಡಚಿದ್ದಾನೆ, ನೋಡು.
ಎಂಟು ಮಡಿಕೆ ಮಡಚುವವನು ನಮ್ಮಂಥವನೇ."

ಶೇಖನ ತೋಬಿನಲ್ಲಿ ಸಿಕ್ಕಿದ್ದರೆ?

ಚಾಚಾ ಬೆರಳದ್ದಿ
ಇಸ್ತ್ರಿಪೆಟ್ಟಿಗೆಗೆ ನೀರು ಚಿಮುಕಿಸಿದ.
ಚುಂಯ್ ಎಂದಿತು.

ಆ ಚುಂಯ್ ಅನ್ನು ಯಾವ ಅಧ್ಯಾಯಕ್ಕೆ ಸೇರಿಸಲಿ?
ಅವನು ಹಸಿದವನು, ಬುಡದಲ್ಲಿರಬೇಕಾದವನು;
ತುದಿಗೆ ಏರಿಸೋಣವೆಂದರೆ
ಆ ಶೇಖನ ತೋಬು ಅಡ್ಡ ಬರುತ್ತದೆ.

ಚಿತ್ರ ಬರೆದರೆ ಎರಡು ಅಂಕ ಗಟ್ಟಿ.
ಸ್ಕೇಲಿಲ್ಲ. ತಂತಿಯ ಹ್ಯಾಂಗರನ್ನೇ
ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲ್ ಓಡಿಸಿದೆ.
ತ್ರಿಕೋನ ಚೆನ್ನಾಗಿಯೇ ಬಂತು,
ತುದಿಯಲ್ಲಿ ಕೊಕ್ಕೆಯೂ ಬಂತು.
ಅಳಿಸಲು ರಬ್ಬರು ಹುಡುಕುತ್ತಿದ್ದೆ,
ಒಳಕೋಣೆಯಲ್ಲಿ ಯಾರದೋ ಫೋನು
ಟಿಣ್ ಎಂದಿತು.

ತಿರುಗಿದೆ.