ಪತ್ತಾ

ಮಾಲಕಿ ಮುದುಕಿ ತೀರ್ಕೊಂಡ ಹದಿನಾಲ್ಕನೇ ದಿನಕ್ಕ
ಅಕಿ ಮಕ್ಕಳು ಹಗ್ಗ ಹಿಡದು ಅಂಗಳ ಅಳದ್ರು.
ನಮ್ಮ ಖೋಲಿ ಇಬ್ಬರ ಪಾಲಿನ ನಟ್ಟನಡುವ ಬಂತು.
ಒಂದು ತಿಂಗಳ ಬಾಡಿಗಿನೂ ಮುರದಿಲ್ಲ ನಾ, ಅಂದೆ.
ಬಾಡಿಗಿ ಮಾತಲ್ಲ ಭೌರಮ್ಮಾ, ಗ್ವಾಡಿ ಮಾತು, ಅಂದ್ರು.

ಟ್ರಂಕು ದಾಲ್ ಮಿಲ್ಲಿನ ವಾಚ್‌ಮನ್ ಕಡಿ,
ಸಿಲಿಂಡರು ಕಸ್ತೂರಬಾಯಿ ಕಡಿ.
ಒರಳು ಎತ್ತಲಿಕ್ಕೆ ಆಗಲಿಲ್ಲ.
ತೇಜೂನ ಹೆಗಲಿಗಿ ಶಾಲಿ ಚೀಲ, ನನ್ನ ಹೆಗಲಿಗಿ ಜಮಖಾನಿ.

ಒಂದು ಓಣ್ಯಾಗ ಗಂಡ ಎಲ್ಲಿ ಅಂತ ಕೇಳಿದ್ರು.
ಇನ್ನೊಂದರಾಗ ಯಾವ ಮಂದಿ ಅಂತ ಕೇಳಿದ್ರು, ಹೇಳಿದೆ,
ಖಾಲಿ ಇಲ್ಲ ಅಂದ್ರು, ಕೀಲಿ ಕೈಯಾಗ ಹಿಡ್ಕೊಂಡೇ.
ಮೂರನೇ ಕಡಿ ಏನೂ ಕೇಳಲಿಲ್ಲ,
ಅಡ್ವಾನ್ಸ್ ಹದಿನೈದು ಸಾವಿರ ಅಂದ್ರು, ಅಷ್ಟ.

ಪಾಲಿಕೆಯಾಗ ಅಣವೀರಪ್ಪ ಕ್ಲರ್ಕ್ ಕೆಟ್ಟವನಲ್ಲ,
ಕುಂದ್ರು ಅಂದ, ಚಾ ತರಿಸಿದ,
ಬೆರಳ ಮ್ಯಾಲ ಎಣಿಸಿ ಹೇಳಿದ:
ಮನಿಗಿ ಅರ್ಜಿ ಬೇಕು, ಅರ್ಜಿಗಿ ಆಧಾರ್ ಬೇಕು,
ಆಧಾರಿಗಿ ಪತ್ತಾ ಬೇಕು,
ಪತ್ತಾಕ್ಕ
ಅಂತ ಹೆಬ್ಬೆರಳಿಗಿ ಬಂದು ನಿಂತ,
ತಾನೇ ನಾಚಿಕೊಂಡು ಫ್ಯಾನ್ ನೋಡಿದ.

ಬ್ಯಾಸಗಿ. ಫರ್ಸಿ ಕಲ್ಲು ರಾತ್ರಿ ಹನ್ನೊಂದಾದ್ರೂ
ಹಂಚಿನಂಗ ಸುಡತಿತ್ತು, ತೇಜೂ ರೊಟ್ಟಿಯಂಗ ಮಗ್ಗಲ ತಿರವತಿದ್ಳು.
ಸ್ಟೇಶನ್ನಿನಾಗ ಎರಡು ರಾತ್ರಿ. ಲಾಠಿ ಬಡಿಯಲಿಲ್ಲ,
ನೆಲಕ್ಕ ಟಕ್ ಟಕ್ ಅಂತಿತ್ತು, ಅಷ್ಟಕ್ಕೇ ಎಚ್ಚರ.

ಆಮ್ಯಾಲ ಸರಕಾರಿ ದವಾಖಾನಿ ವರಾಂಡ.
ಅಲ್ಲಿ ಎಲ್ಲರೂ ನೆಲಕ್ಕ ಮಲಗ್ತಾರ, ಯಾರೂ ಕೇಳಂಗಿಲ್ಲ.
ಕೇಳಿದ್ರು.
ನಿಮ್ಮ ಪೇಶಂಟ್ ಯಾರು?
ಬಾಯಿಗಿ ಬಂದದ್ದು: ಹನ್ನೆರಡನೇ ಬೆಡ್.

ಹನ್ನೆರಡನೇ ಬೆಡ್ಡಿನಾಗ ಕಲ್ಲು ಗಣಿಯ ಯಂಕೋಬ,
ಎದಿ ತುಂಬ ಧೂಳಿ, ಹಿಂದ ಮುಂದ ಯಾರೂ ಇಲ್ಲ.
ಸುಳ್ಳು ಹೇಳಿದ ತಪ್ಪಿಗಿ ಗಂಜಿ ಕುಡಿಸಿದೆ,
ಬಾಯಿ ಒರಸಿದೆ, ಕೈ ಹಿಡದು ಸಂಡಾಸಕ್ಕ ಒಯ್ದೆ.
ಅಂವ ನನ್ನ ಗುಂಡವ್ವಾ ಅಂತ ಕರೀತಿದ್ದ.
ತಂಗಿನೋ, ಹೆಂಡತಿನೋ, ಕೇಳಲಿಲ್ಲ ನಾ. ಓ ಅಂದೆ.

ಒಂಬತ್ತನೇ ದಿನ ಬೆಳಕಿಲೆ ಸಿಸ್ಟರ್ ಬಂದು
ನಿಮ್ಮವರು ಹೋದ್ರವ್ವಾ ಅಂದ್ಳು.
ಅಳು ಬಂತು. ಯಾವುದರದ್ದು ಅಂತ ಆರಿಸಲಿಕ್ಕೆ ಆಗಲಿಲ್ಲ,
ತೊಗರಿಯೊಳಗಿನ ಹಳ್ಳು ಆರಿಸೋ ಕೈಗೂ.

ಆಯಾ ಹಲೀಮಾಬಿ ನೀರು ಕೊಟ್ಟು ಅಂದ್ಳು:
ಎರಡನೇ ರಾತ್ರಿಗೇ ಗೊತ್ತಿತ್ತು ನನಗ.
ಪೇಶಂಟಿನ ಮಂದಿ ಹಿಂಗ ಗಡದ್ದಾಗಿ ನಿದ್ದಿ ಮಾಡಂಗಿಲ್ಲ.
ಗುಳಿಗಿ ಕವರಿನ ಹಿಂದ ಬರದು ಕೊಟ್ಳು:
ಹಳೇ ನಾಕಾದ ಹಿಂದ, ನೀಲಿ ಗೇಟು, ಹೆಣ್ಮಕ್ಕಳಿಗಿ ಬ್ಯಾರೆ,
ಎಂಟರೊಳಗ ಹೋಗು, ರೊಕ್ಕ ಕೇಳಂಗಿಲ್ಲ.
ಇಷ್ಟು ದಿನ ಅದು ಅಲ್ಲೇ ಇತ್ತು.
ತೊಗರಿ ಚೀಲ ಹೊತ್ತು ಅದರ ಮುಂದೇ ಓಡಾಡೀನಿ ನಾ.

ಕಬ್ಬಿಣದ ಮಂಚ, ಒಂದು ಮಣ್ಣಿನ ಗಡಗಿ,
ಸದ್ದು ಮಾಡೋ ಕೂಲರು, ಒಂದು ರಜಿಸ್ಟರು.
ಸುಲೋಚನಾ ಮೇಡಂ ಹೆಸರು ಬರಕೊಂಡ್ರು, ವಯಸ್ಸು ಬರಕೊಂಡ್ರು.
ಪತ್ತಾ?
ನಾ ಅಣವೀರಪ್ಪನ ಹೆಬ್ಬೆರಳಿನಂಗ ನಿಂತೆ.
ಅವರು ತಲಿ ಎತ್ತಲಿಲ್ಲ. ಇದೇ ಬರೀತೀನಿ, ಅಂದ್ರು,
ನಾಳೆ ಸಿಕ್ಕಾ ಹಾಕಿ ಕಾಗದ ಕೊಡ್ತೀನಿ, ಪಾಲಿಕೆಗಿ ಒಯ್ಯಿ.

ಎರಡು ತಿಂಗಳಿಗಿ ಪೋಸ್ಟ್‌ಮನ್ ನೀಲಿ ಗೇಟಿನಾಗ ನಿಂತು
ಭೌರಮ್ಮ ಯಾರ್ರೀ ಅಂತ ಒದರಿದ.
ಯಾದ್ಯಾಗ ಸಾವಿರದ ನೂರಾ ನಲವತ್ತಮೂರನೇ ನಂಬರ್,
ಆದಾಯದ ದಾಖಲಿ ಇಲ್ಲ, ಮತ್ತ ಬರ್ರಿ ಅಂತ ಅದರಾಗ.
ತೇಜೂ ಒಳಗಿನ ಕಾಗದ ಓದಲಿಲ್ಲ,
ಲಕೋಟಿ ಮ್ಯಾಲಿಂದು ಓದಿದ್ಳು, ಎರಡು ಸರ್ತಿ, ಜೋರಾಗಿ,
ಪಿನ್‌ಕೋಡ್ ಸಹಿತ.

ಒರಳು ಇನ್ನೂ ಅಲ್ಲೇ ಅದ ಅಂತಾಳ ಕಸ್ತೂರಬಾಯಿ.
ಗ್ವಾಡಿ ಕಟ್ಟೋರು ಪಾಯಾಕ್ಕ ಹಾಕದಿದ್ರ ಸಾಕು.
ರವಿವಾರ ಹೋಗಿ ನೋಡಿ ಬರಬೇಕು.